ಚೀಲದಲ್ಲಿ ಧಾನ್ಯವೋ ಉಪ್ಪೋ?

ದೌಲತಾಬಾದ್ ಕೋಟೆಯ ‘ಅಂಧೇರಿ’ಗೆ ಕಾಲಿಡುವ ಹೊತ್ತಿಗೆ ಗೆಳೆಯನ ನಾಯಿಮರಿಯ ಕಥೆ ಅರ್ಧಕ್ಕೆ ಬಂದಿತ್ತು. ಅವನು ಬಾಗಲಕೋಟೆ ಕಡೆಯವನು, ಬ್ಯಾಂಕಿನಲ್ಲಿ ಕೆಲಸ, ಎರಡು ವರ್ಷದ ಹಿಂದೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿ ಬಂದಿದ್ದಾನೆ. ಮಗಳ ಹುಟ್ಟುಹಬ್ಬಕ್ಕೆಂದು ಲ್ಯಾಬ್ರಡಾರ್ ಮರಿ ತಂದಿದ್ದ. ಮಾರುವವನು ಮನೆಗೆ ಕರೆದಿರಲಿಲ್ಲ. ಊರಾಚೆಯ ಪೆಟ್ರೋಲ್ ಬಂಕಿನ ಹತ್ತಿರ ಬರಹೇಳಿ, ರಟ್ಟಿನ ಪೆಟ್ಟಿಗೆಯಿಂದ ಮರಿಯನ್ನು ಎತ್ತಿಕೊಟ್ಟಿದ್ದ. ‘ಡಬಲ್ ಬೋನ್, ಚಾಂಪಿಯನ್ ಲೈನ್, ನಲವತ್ತೈದು ದಿನ, ಒಂದು ಇಂಜೆಕ್ಷನ್ ಆಗಿದೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಹಣ ಎಣಿಸಿಕೊಂಡು ಹೋದ. ನಾಲ್ಕನೆಯ ದಿನ ಮರಿ ವಾಂತಿ ಮಾಡಿಕೊಂಡಿತು. ಐದನೆಯ ದಿನ ರಕ್ತಭೇದಿ. ಏಳನೆಯ ದಿನ ಬೆಳಗ್ಗೆ ಅದು ಏಳಲಿಲ್ಲ.

“ಸಾಲ ಕೇಳಾಕ ಬಂದವರ ಹತ್ರ ಮೂರು ವರ್ಷದ ಲೆಕ್ಕಪತ್ರ ಕೇಳ್ತೀನಿ, ಜಾಮೀನ್ದಾರ ಯಾರು ಅಂತ ಕೇಳ್ತೀನಿ,” ಅಂದ ಕತ್ತಲಲ್ಲಿ. “ಈ ಮರಿ ತರೋ ಮುಂದ ಇದರ ತಾಯಿ ಎಲ್ಲೈತಿ ಅಂತ ಸುದ್ದಾ ಕೇಳಲಿಲ್ಲ ನೋಡು.”

ಈ ಅಧ್ಯಾಯವಿಡೀ ಅವನು ಕೇಳದೆ ಉಳಿದ ಆ ಒಂದು ಪ್ರಶ್ನೆಯ ಕುರಿತು.

ಕೋಟೆ ಮತ್ತು ಕಾವಲು

ಅಂಧೇರಿ ಎಂದರೆ ಬಂಡೆ ಕೊರೆದು ಮಾಡಿದ ಕತ್ತಲ ದಾರಿ. ದೇವಗಿರಿಯ ಬೆಟ್ಟದ ಪಕ್ಕೆಗಳನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದಾರೆ. ಸುತ್ತಲೂ ಕಂದಕ. ಒಳಹೋಗಲು ಇದೊಂದೇ ದಾರಿ, ಅದೂ ತಿರುವು ಮುರುವು. ಮೇಲಿನ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ, ಬೆಂಕಿ ಹೊತ್ತಿಸಿ, ಒಳಗಿದ್ದವರಿಗೆ ಹೊಗೆ ಉಣಿಸುವ ಏರ್ಪಾಡೂ ಇತ್ತು. ಇಂಥ ಕಡಿದಾದ ಬೆಟ್ಟದ ಮೇಲಿದ್ದೂ 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಮುತ್ತಿಗೆ ಹಾಕಿದಾಗ ಯಾದವ ರಾಮಚಂದ್ರ ಮಣಿಯಬೇಕಾಯಿತು. ಅವಸರದಲ್ಲಿ ಕೋಟೆಯೊಳಗೆ ಸಾಗಿಸಿದ ಧಾನ್ಯದ ಚೀಲಗಳನ್ನು ಬಿಚ್ಚಿದರೆ ಒಳಗೆ ಉಪ್ಪಿತ್ತು ಎಂದು ಕಥೆ. ಚೀಲಗಳ ಲೆಕ್ಕ ಸರಿಯಾಗಿಯೇ ಇತ್ತು. ಒಳಗೇನಿದೆ ಎಂದು ಯಾರೂ ನೋಡಿರಲಿಲ್ಲ.

ಗೆಳೆಯನ ಮರಿಯ ‘ಒಂದು ಇಂಜೆಕ್ಷನ್’ ಕೂಡ ಅಂಥದೇ ಚೀಲ. ಅದೇಕೆ ಎಂದು ತಿಳಿಯಲು ಮರಿಯ ಮೈಯೊಳಗಿನ ಕಾವಲು ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು.

ನಾಯಿಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ಪ್ರತಿಕಾಯಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಬಸುರಿನಲ್ಲಿ ತಾಯಿಯಿಂದ ಸಿಗುವುದು ತೀರ ಅಲ್ಪ. ದೊಡ್ಡ ಪಾಲು ಬರುವುದು ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಿಂದ. ಒಂದು ದಿನ ಕಳೆಯುವುದರೊಳಗೆ ಕರುಳಿನ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಕುಡಿದ ಹಾಲು ಹೊಟ್ಟೆ ತುಂಬಿಸುತ್ತದೆ, ರಕ್ತಕ್ಕೆ ಕಾವಲುಗಾರರನ್ನು ಕಳಿಸುವುದಿಲ್ಲ. ಹೀಗೆ ಎರವಲು ಬಂದ ಈ ಪಡೆ ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತ ಹೋಗುತ್ತದೆ. ಅಷ್ಟರೊಳಗೆ ಮರಿ ತನ್ನದೇ ಪಡೆ ಕಟ್ಟಿಕೊಳ್ಳಬೇಕು. ಅದಕ್ಕೆ ತಾಲೀಮು ಕೊಡುವುದೇ ಲಸಿಕೆ.

ತೊಡಕು ಇರುವುದು ಇಲ್ಲೇ. ಲಸಿಕೆಯಲ್ಲಿರುವ ದುರ್ಬಲ ವೈರಸ್ಸಿಗೂ ನಿಜವಾದ ಶತ್ರುವಿಗೂ ತಾಯಿಯ ಕಾವಲುಗಾರರು ವ್ಯತ್ಯಾಸ ಕಾಣರು. ತಾಲೀಮಿಗೆ ಬಂದವನನ್ನೂ ಬಾಗಿಲಲ್ಲೇ ಹೊಡೆದು ಹಾಕುತ್ತಾರೆ. ಮರಿಯ ಸ್ವಂತ ಪಡೆ ಪಾಠ ಕಲಿಯುವುದಿಲ್ಲ. ತಾಯಿಯ ಪ್ರತಿಕಾಯಗಳು ಇಳಿಯುತ್ತ ಒಂದು ಘಟ್ಟಕ್ಕೆ ಬರುತ್ತವೆ: ಲಸಿಕೆಯನ್ನು ಕೆಡಿಸಲು ಸಾಕಾಗುವಷ್ಟಿವೆ, ನಿಜವಾದ ರೋಗವನ್ನು ತಡೆಯಲು ಸಾಲದು. ಈ ಸಂದಿನ ದಿನಗಳೇ ಮರಿಯ ಪಾಲಿನ ಅಂಧೇರಿ. ಅದು ಯಾವ ವಾರ ಬರುತ್ತದೆಂದು ಹೊರಗಿನಿಂದ ಹೇಳಲಾಗದು. ಒಂದೇ ಸೂಲಿನ ಮರಿಗಳಲ್ಲೂ ಹೆಚ್ಚು ಗಿಣ್ಣು ಕುಡಿದದ್ದಕ್ಕೆ ತಡವಾಗಿ, ಕಡಿಮೆ ಕುಡಿದದ್ದಕ್ಕೆ ಬೇಗ. ಹಾಗಾಗಿಯೇ ಪಶುವೈದ್ಯರು ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಹಾಕಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕುತ್ತ, ಕೊನೆಯದನ್ನು ಹದಿನಾರು ವಾರ ತುಂಬಿದ ಮೇಲೆಯೇ ಹಾಕುತ್ತಾರೆ. ಒಂದಲ್ಲ ಒಂದು ಚುಚ್ಚುಮದ್ದು ಹಾದಿ ತೆರೆದ ಹೊತ್ತಿಗೆ ಸರಿಯಾಗಿ ತಲುಪಲಿ ಎಂಬ ಲೆಕ್ಕ ಅದು. ‘ಒಂದು ಇಂಜೆಕ್ಷನ್ ಆಗಿದೆ’ ಎನ್ನುವ ಮಾತಿನಿಂದ ಮರಿಗೆ ರಕ್ಷಣೆ ಬಂತೋ ಇಲ್ಲವೋ ತಿಳಿಯುವುದಿಲ್ಲ.

ಗೆಳೆಯನ ಮರಿಯನ್ನು ಕೊಂಡೊಯ್ದದ್ದು ಪಾರ್ವೊ ಎಂದು ವೈದ್ಯರು ಹೇಳಿದರು. ಪಾರ್ವೊ ಹಳೆಯ ರೋಗವಲ್ಲ. ಬೆಕ್ಕುಗಳ ಕಾಯಿಲೆಯೊಂದರ ವೈರಸ್ಸಿಗೆ ಹತ್ತಿರದ ಸಂಬಂಧಿಯಾದ ಇದನ್ನು ನಾಯಿಗಳಲ್ಲಿ ಮೊದಲು ಗುರುತಿಸಿದ್ದು 1978ರಲ್ಲಿ; ಒಂದೆರಡು ವರ್ಷದಲ್ಲಿ ಅದು ಜಗತ್ತನ್ನೆಲ್ಲ ಸುತ್ತಿತು. ಬಿರುಸಾಗಿ ಒಡೆದು ಹೆಚ್ಚುವ ಜೀವಕೋಶಗಳೆಂದರೆ ಅದಕ್ಕೆ ಇಷ್ಟ. ಮರಿಯ ಮೈಯಲ್ಲಿ ಅಂಥ ಕೋಶಗಳಿರುವುದು ಕರುಳಿನ ಒಳಪದರದಲ್ಲಿ ಮತ್ತು ಮೂಳೆಯ ಮಜ್ಜೆಯಲ್ಲಿ. ಕರುಳಿನ ಗೋಡೆ ಕುಸಿಯುತ್ತದೆ. ಅದೇ ವೇಳೆಗೆ ಬಿಳಿ ರಕ್ತಕಣಗಳ ಕಾರ್ಖಾನೆಯೂ ನಿಲ್ಲುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಕೆಲವು ದಿನ ಬೇಕು. ನಾಲ್ಕನೆಯ ದಿನ ವಾಂತಿ ಶುರುವಾಯಿತು ಎಂದರೆ ಮರಿ ಬಹುಮಟ್ಟಿಗೆ ರಟ್ಟಿನ ಪೆಟ್ಟಿಗೆಯಲ್ಲೇ, ಅಥವಾ ಅದಕ್ಕೂ ಮೊದಲು, ರೋಗ ಹೊತ್ತು ಬಂದಿತ್ತು. ಮಣ್ಣಿನಲ್ಲಿ, ನೆಲದ ಬಿರುಕಿನಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಮನೆ ಒರೆಸುವ ಫಿನಾಯಿಲಿಗೆ ಬಗ್ಗುವುದಿಲ್ಲ, ಬ್ಲೀಚ್ ಬೇಕು. ಮರಿ ಸತ್ತ ಮನೆಗೆ ದುಃಖ ಮರೆಯಲೆಂದು ಮರುವಾರವೇ ಇನ್ನೊಂದು ಮರಿ ತರುವವರು ಎರಡನೆಯದನ್ನೂ ಕಳೆದುಕೊಳ್ಳುವುದು ಇದರಿಂದಲೇ.

ಈ ಲೆಕ್ಕದಲ್ಲಿ ಮೊದಲ ಅಂಕಿ ಎಲ್ಲಿಂದ ಬಂತು ನೋಡಿ. ತಾಯಿಗೆ ಲಸಿಕೆ ಆಗಿತ್ತೆ? ಅವಳ ಗಿಣ್ಣಿನಲ್ಲಿ ಕಾವಲುಗಾರರಿದ್ದರೆ? ಜಂತುಹುಳದ ವಿಷಯವೂ ಅಷ್ಟೇ. ದುಂಡುಹುಳದ ಮರಿಗಳು ಬಸುರಿಯ ಸ್ನಾಯುಗಳಲ್ಲಿ ಮಲಗಿದ್ದು, ಗರ್ಭದಲ್ಲೇ ಮರಿಯ ಮೈ ಸೇರುತ್ತವೆ, ಹಾಲಿನಲ್ಲೂ ಬರುತ್ತವೆ. ಹುಟ್ಟಿದ ಎರಡನೆಯ ವಾರದಿಂದಲೇ ಮರಿಗೆ ಹುಳದ ಔಷಧ ಕೊಡಬೇಕೆನ್ನುವುದು ಆ ಕಾರಣಕ್ಕೆ. ಬಡಕಲು ಮೈ, ಉಬ್ಬಿದ ಹೊಟ್ಟೆಯ ಮರಿಯನ್ನು ‘ಈಗಷ್ಟೇ ಹಾಲು ಕುಡಿದಿದೆ’ ಎಂದು ತೋರಿಸಿದರೆ ನಂಬಬೇಡಿ.

ಎಂಟು ವಾರದ ಶಾಲೆ

ಕನ್ನಡಿಗರಿಗೆ ದೌಲತಾಬಾದ್ ಎಂದರೆ ಕಾರ್ನಾಡರ ‘ತುಘಲಕ್’ ನೆನಪಾಗುತ್ತದೆ. ದೆಹಲಿಯ ಜನರನ್ನು ಎಬ್ಬಿಸಿ ಇಲ್ಲಿಗೆ ನಡೆಸಿದ ಸುಲ್ತಾನನ ಲೆಕ್ಕದಲ್ಲಿ ಊರು ಸರಿಯಿತ್ತು, ಹೊತ್ತು ಸರಿಯಿರಲಿಲ್ಲ. ನಾಯಿಮರಿಯ ಸ್ಥಳಾಂತರಕ್ಕೂ ಹೊತ್ತು ಅಂತ ಒಂದಿದೆ.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬಿಬ್ಬರು ವಿಜ್ಞಾನಿಗಳು ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಸಾಕಿ, ಮರಿಗಳು ಹೇಗೆ ‘ನಾಯಿ’ಗಳಾಗುತ್ತವೆ ಎಂದು ನೋಡಿ, 1965ರಲ್ಲಿ ಪುಸ್ತಕ ತಂದರು. ಅವರು ಕಂಡದ್ದು ಇದು: ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಬಾಗಿಲು ತೆರೆದಿಟ್ಟುಕೊಂಡಿರುತ್ತದೆ. ಆ ಅವಧಿಯಲ್ಲಿ ಕಂಡ ಮನುಷ್ಯರು, ಕೇಳಿದ ಸದ್ದು, ತುಳಿದ ನೆಲ ಎಲ್ಲ ‘ನಮ್ಮವು’. ಆಮೇಲೆ ಹೊಸದು ಬಂದರೆ ಮೊದಲು ಭಯ. ಕತ್ತಲ ಶೆಡ್ಡಿನ ಬೋನಿನಲ್ಲಿ, ಅನ್ನದ ತಟ್ಟೆ ತಳ್ಳುವ ಒಂದು ಕೈಯನ್ನಷ್ಟೇ ನೋಡಿ ಬೆಳೆದ ಮರಿ, ಮುಂದೆ ಮಿಕ್ಸಿಯ ಸದ್ದಿಗೂ ಮಂಚದಡಿ ನುಗ್ಗುತ್ತದೆ; ಹೆದರಿದ ನಾಯಿಯೇ ಕಚ್ಚುವ ನಾಯಿ. ತಾಯಿ ಮತ್ತು ಒಡಹುಟ್ಟಿದವುಗಳ ಜೊತೆಗಿನ ಕಾದಾಟವೂ ಪಾಠವೇ. ಹಲ್ಲು ಜೋರಾಗಿ ಊರಿದರೆ ಎದುರಿನದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಹಲ್ಲಿಗೆ ಹದ ಕಲಿಸುವುದು ಆ ಕುಂಯ್.

ಈ ಶಾಲೆಯನ್ನು ಅರ್ಧಕ್ಕೆ ಬಿಡಿಸಬಾರದೆಂದು ನಮ್ಮ ಕಾನೂನೂ ಹೇಳುತ್ತದೆ. ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ಹೊರಡಿಸಿದ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಗೆಳೆಯನಿಗೆ ಸಿಕ್ಕ ‘ನಲವತ್ತೈದು ದಿನ’ದ ಮರಿಗೆ ಆರೂವರೆ ವಾರ ಕೂಡ ತುಂಬಿರಲಿಲ್ಲ. ಅದೇ ನಿಯಮಗಳು ತಾಯಿಯ ಪರವಾಗಿಯೂ ಮಾತಾಡುತ್ತವೆ: ಹದಿನೆಂಟು ತಿಂಗಳು ತುಂಬುವ ಮುಂಚೆ, ಎಂಟು ವರ್ಷ ಕಳೆದ ಮೇಲೆ ಮರಿ ಹಾಕಿಸಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನಕ್ಕೆ ಐದೇ. ನಾಯಿ ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಪೆಟ್ರೋಲ್ ಬಂಕಿನ ಹತ್ತಿರ ವ್ಯಾಪಾರ ಮಾಡುವವನು ತಾಯಿಯನ್ನು ತೋರಿಸದೆ ಇರುವುದಕ್ಕೆ ಈ ಪಟ್ಟಿಯಲ್ಲೇ ಐದಾರು ಕಾರಣ ಸಿಗುತ್ತವೆ.

ಇನ್ನೊಂದು ಇಕ್ಕಟ್ಟು ಕೊಳ್ಳುವವರದು. ಜಗತ್ತು ತೋರಿಸಬೇಕಾದ ವಾರಗಳೂ ಪಾರ್ವೊಗೆ ಮೈ ತೆರೆದಿರುವ ವಾರಗಳೂ ಒಂದೇ. ಇದಕ್ಕೆ ಉಪಾಯ ಸುಲಭ: ಮರಿಯನ್ನು ಸಂತೆಗೆ, ಬಸ್‌ಸ್ಟ್ಯಾಂಡಿಗೆ ಕರೆದೊಯ್ಯಿರಿ, ಆದರೆ ಕಂಕುಳಲ್ಲಿ ಎತ್ತಿಕೊಂಡು. ಬೀದಿಯ ನೆಲಕ್ಕೆ ಇಳಿಸುವುದು ಲಸಿಕೆಗಳೆಲ್ಲ ಮುಗಿದ ಮೇಲೆ.

ಶುದ್ಧ ಎಂಬುದರ ಬೆಲೆ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ತಳಿವಿಜ್ಞಾನಿಯ ಮುಂದೆ ಈ ಗಾದೆ ಹೇಳಿದರೆ ಅರ್ಧ ಅಂಕ ಕೊಟ್ಟಾನು, ಅಡ್ಡನೂಲು ಅಪ್ಪನದು. ನಾಯಿಗೆ 39 ಜೋಡಿ ವರ್ಣತಂತುಗಳು. ಪ್ರತಿ ಜೋಡಿಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ಒಂದರಲ್ಲಿ ಕೆಟ್ಟ ಬರಹವಿದ್ದರೂ ಇನ್ನೊಂದರ ಒಳ್ಳೆಯ ಬರಹ ಎಷ್ಟೋ ಸಲ ಕೆಲಸ ನಡೆಸಿಕೊಂಡು ಹೋಗುತ್ತದೆ. ದೋಷ ಬಯಲಾಗುವುದು ಎರಡೂ ಕಡೆ ಒಂದೇ ತಪ್ಪು ಬಂದಾಗ. ಇಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳಾಗಿದ್ದರೆ ಆ ಸಂಭವ ಏರುತ್ತದೆ. ಅಣ್ಣ ತಂಗಿಯನ್ನು ಕೂಡಿಸಿದರೆ ಹುಟ್ಟುವ ಮರಿಯ ಯಾವುದೇ ಜೀನ್ ಜೋಡಿಯಲ್ಲಿ ಎರಡೂ ಪ್ರತಿ ಒಂದೇ ಪೂರ್ವಜನಿಂದ ಬಂದಿರುವ ಸಾಧ್ಯತೆ ನೂರಕ್ಕೆ 25. ಅಪ್ಪ ಮಗಳಿಗೂ ಅಷ್ಟೇ. ಮಲಸೋದರರಾದರೆ 12.5. ‘ಲೈನ್ ಬ್ರೀಡಿಂಗ್ ಮಾಡಿ ಕ್ವಾಲಿಟಿ ಹಿಡಿದಿದ್ದೇವೆ’ ಎನ್ನುವ ಮಾತಿನ ಅಡಿಯಲ್ಲಿರುವ ಗಣಿತ ಇದು. ಚಂದದ ತಲೆ ಹಿಡಿಯಲು ಹೋದವರ ಬಲೆಗೆ ಕಾಣದ ತಪ್ಪುಗಳೂ ಬೀಳುತ್ತವೆ.

ಲಂಡನ್ನಿನಲ್ಲಿ ಕೆನೆಲ್ ಕ್ಲಬ್ 1873ರಲ್ಲಿ ಹುಟ್ಟಿತು. ವಂಶಾವಳಿಯ ಪುಸ್ತಕ ಬಂತು. ಆ ಪುಸ್ತಕದಲ್ಲಿ ಹೆಸರಿದ್ದವುಗಳ ಮಕ್ಕಳಿಗಷ್ಟೇ ಅಲ್ಲಿ ಜಾಗ ಎಂಬ ಕಟ್ಟಳೆ ಬೇರೂರಿತು. ನಾವು ಇಂದು ‘ಶುದ್ಧ ತಳಿ’ ಎನ್ನುವುದು ಬಹುಪಾಲು ಈ ಮುಚ್ಚಿದ ಪುಸ್ತಕವನ್ನೇ. ಮುಚ್ಚಿದ ಪುಸ್ತಕದಲ್ಲಿ ತಪ್ಪೊಂದು ಎಲ್ಲ ಪುಟಕ್ಕೂ ಹರಡಿದರೆ ಏನಾಗುತ್ತದೆಂದು ಡಾಲ್ಮೇಶಿಯನ್ ತೋರಿಸಿಕೊಟ್ಟಿತು. ಚುಕ್ಕೆಯ ಆ ಚೆಲುವ ನಾಯಿಯ ಮೂತ್ರದಲ್ಲಿ ಯೂರಿಕ್ ಆಮ್ಲ ವಿಪರೀತ. ಗಂಡುಗಳಿಗೆ ಕಲ್ಲು ಕಟ್ಟಿ ಒದ್ದಾಟ. ಕಾರಣವಾದ ಜೀನಿನ ಸರಿಯಾದ ಪ್ರತಿ ತಳಿಯಲ್ಲಿ ಒಂದೂ ಉಳಿದಿರಲಿಲ್ಲ. ಎಷ್ಟೇ ಆಯ್ದು ಕೂಡಿಸಿದರೂ ಇಲ್ಲದ್ದು ಬರುವುದೆಲ್ಲಿಂದ? 1973ರಲ್ಲಿ ರಾಬರ್ಟ್ ಶೈಬಲ್ ಎಂಬ ಅಮೆರಿಕನ್ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯ ಜೊತೆ ಕೂಡಿಸಿ, ಆಮೇಲೆ ತಲೆಮಾರುಗಟ್ಟಲೆ ಡಾಲ್ಮೇಶಿಯನ್‌ಗಳೊಂದಿಗೇ ಕೂಡಿಸುತ್ತ ಹೋದ. ಚುಕ್ಕೆ ಉಳಿಯಿತು, ಕಲ್ಲು ಹೋಯಿತು. ಆ ವಂಶದ ನಾಯಿಗಳನ್ನು ಅಮೆರಿಕದ ಕೆನೆಲ್ ಕ್ಲಬ್ ಒಪ್ಪಿ ಪುಸ್ತಕಕ್ಕೆ ಸೇರಿಸಿಕೊಂಡದ್ದು 2011ರಲ್ಲಿ. ಒಂದು ಹನಿ ‘ಅಶುದ್ಧ’ ರಕ್ತಕ್ಕೆ ಬಾಗಿಲು ತೆರೆಯಲು ಮೂವತ್ತೆಂಟು ವರ್ಷ ಹಿಡಿಯಿತು.

ವಿಪೆಟ್ ಎಂಬ ಓಟದ ನಾಯಿಯದು ಇನ್ನೊಂದು ಪಾಠ. ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಜೀನೊಂದರಲ್ಲಿ ಅದಕ್ಕೆ ಚಿಕ್ಕ ತಪ್ಪಿದೆ ಎಂದು 2007ರಲ್ಲಿ ತಿಳಿಯಿತು. ತಪ್ಪಿನ ಒಂದು ಪ್ರತಿ ಇದ್ದರೆ ನಾಯಿ ಓಟದಲ್ಲಿ ಮುಂದು. ಎರಡು ಬಂದರೆ ಮೈಯೆಲ್ಲ ಗಂಟುಗಂಟು ಮಾಂಸ, ಗೂಳಿಯ ಹಾಗೆ. ಗೆದ್ದ ನಾಯಿಗೆ ಗೆದ್ದ ನಾಯಿಯನ್ನೇ ಕೂಡಿಸಿದರೆ ಗೆಲ್ಲುವ ಮರಿಯೇ ಹುಟ್ಟಬೇಕೆಂದಿಲ್ಲ. ‘ಚಾಂಪಿಯನ್ ಲೈನ್’ ಎಂಬ ಮಾತನ್ನು ಇನ್ನು ಮುಂದೆ ಕೇಳಿದಾಗ ಇದು ನೆನಪಿರಲಿ.

ಲ್ಯಾಬ್ರಡಾರ್ ಕೊಳ್ಳುವವರು ಕೇಳಬೇಕಾದದ್ದು ಸೊಂಟದ ಕೀಲು. ತೊಡೆಮೂಳೆಯ ಗುಂಡು ತನ್ನ ಬಟ್ಟಲಿನಲ್ಲಿ ಸಡಿಲವಾಗಿ ಕೂತು ಸವೆಯುವ ಈ ತೊಂದರೆ ದೊಡ್ಡ ಮೈಯ ಹಲವು ತಳಿಗಳಿಗಿದೆ. ಎಂಟು ವಾರದ ಮರಿಯಲ್ಲಿ ಅದು ಕಾಣುವುದಿಲ್ಲ; ತಂದೆ ತಾಯಿಯ ಎಕ್ಸ್‌ರೇಯಲ್ಲಿ ಕಂಡೀತು. ‘ಡಬಲ್ ಬೋನ್’ ಎಂಬುದು ಸಂತೆಯ ಮಾತು. ಮೂಳೆ ದಪ್ಪವಿದ್ದ ಮಾತ್ರಕ್ಕೆ ಕೀಲು ಗಟ್ಟಿ ಎಂದಲ್ಲ. ಜೀನಿನ ಜೊತೆಗೆ ಮನೆಯ ಪಾತ್ರವೂ ಇದೆ. ಮೂರು ತಿಂಗಳು ತುಂಬದ ಮರಿಗಳನ್ನು ಮೆಟ್ಟಿಲು ಹತ್ತಿ ಇಳಿಸಿದರೆ ಅಪಾಯ ಹೆಚ್ಚು, ಮೆತ್ತನೆಯ ಏರುತಗ್ಗಿನ ಮಣ್ಣಿನಲ್ಲಿ ಓಡಾಡಿಸಿದರೆ ಕಡಿಮೆ ಎಂದು ನಾರ್ವೆಯ ಸಂಶೋಧಕರು ಕಂಡುಕೊಂಡಿದ್ದಾರೆ.

ಇದೇ ಬೆಟ್ಟದಿಂದ ಮುಧೋಳಕ್ಕೆ

ಕೋಟೆಯ ನೆತ್ತಿ ತಲುಪಿದಾಗ ಗೆಳೆಯ ದಕ್ಷಿಣಕ್ಕೆ ಕೈ ತೋರಿಸಿ, “ನಮ್ಮೂರ ಕಡೆ ನಾಯಿ ಬಿಟ್ಟು ಶೀತದೇಶದ ನಾಯಿ ತಂದೆ,” ಎಂದ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಮರಾಠವಾಡದಲ್ಲಿ ಎರಡು ಪದರದ ತುಪ್ಪಳ ಹೊತ್ತ ಲ್ಯಾಬ್ರಡಾರಿನ ಪಾಡು ಯೋಚಿಸಬೇಕಾದದ್ದೇ.

ಅವನು ಹೇಳಿದ್ದು ಮುಧೋಳದ ಬೇಟೆನಾಯಿಯನ್ನು. ಅದರ ಚರಿತ್ರೆಗೂ ಈ ಬೆಟ್ಟಕ್ಕೂ ಒಂದು ಎಳೆ ಇದೆ. 1347ರಲ್ಲಿ ತುಘಲಕನ ವಿರುದ್ಧ ಎದ್ದ ಅಮೀರರು ಹಸನ್ ಬಹಮನ್ ಷಾನಿಗೆ ಪಟ್ಟ ಕಟ್ಟಿದ್ದು ದೌಲತಾಬಾದಿನಲ್ಲೇ. ಅವನು ರಾಜಧಾನಿಯನ್ನು ಕಲಬುರಗಿಗೆ ಒಯ್ದ. ಆ ಬಹಮನಿಗಳ ಆಶ್ರಯದಲ್ಲಿ ಬೆಳೆದ ಘೋರ್ಪಡೆ ಮನೆತನ ಮುಧೋಳವನ್ನು ಆಳಿತು. ಪರ್ಷಿಯಾ, ಅರಬ್ ಕಡೆಯಿಂದ ಬಂದ ಕುದುರೆ ವ್ಯಾಪಾರಿಗಳ, ಸೈನಿಕರ ಜೊತೆ ಸಲೂಕಿಯಂಥ ನಾಯಿಗಳು ದಖನ್ನಿಗೆ ಬಂದವು ಎಂದು ನಾಡಿನ ನಂಬಿಕೆ. ಮರಾಠವಾಡದಲ್ಲಿ ಇದೇ ಬಗೆಯ ನಾಯಿಗೆ ಕಾರವಾನ್ ಎಂಬ ಹೆಸರು, ಕಿವಿ ಬಾಲದಲ್ಲಿ ರೇಷ್ಮೆಗೂದಲಿದ್ದರೆ ಪಶ್ಮಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇವನ್ನು ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಜೋಡಿಯೊಂದನ್ನು ಕಾಣಿಕೆ ಕೊಟ್ಟರೆಂದು ಹೇಳುತ್ತಾರೆ.

ಉದ್ದ ಮೂತಿ, ಒಳಸೇರಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡ ಪಟ್ಟಿಯಾಗಿ ಹರಡಿರುತ್ತವೆ. ದಿಗಂತದ ಉದ್ದಕ್ಕೂ ಏನು ಕದಲಿದರೂ ಕಣ್ಣಿಗೆ ಬೀಳುತ್ತದೆ. ಮೂತಿ ಮೊಟಕಾದಷ್ಟೂ ಆ ಕೋಶಗಳು ನಡುವೆ ಗುಂಪುಗೂಡುತ್ತವೆ. ಗ್ರೇಹೌಂಡ್‌ನಂಥ ಕೊಬ್ಬಿಲ್ಲದ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳು ಬೇಗ ಇಳಿಯುವುದಿಲ್ಲ. ಬೇಟೆನಾಯಿ ಸಾಕುವವರು ಇದನ್ನು ವೈದ್ಯರಿಗೆ ಮೊದಲೇ ನೆನಪಿಸುವುದು ಒಳ್ಳೆಯದು.

ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಂಚೆ ಇಲಾಖೆ 2005ರಲ್ಲಿ ನಾಲ್ಕು ದೇಸಿ ನಾಯಿಗಳ ಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಮೊದಲು ನೋಂದಾಯಿಸಿದ ನಾಯಿ ತಳಿಗಳು ರಾಜಪಾಳಯಂ, ಚಿಪ್ಪಿಪಾರೈ ಮತ್ತು ಮುಧೋಳ. ಸೇನೆ ಮೀರತ್‌ನ ತನ್ನ ಕೇಂದ್ರದಲ್ಲಿ ಇವನ್ನು ಪಳಗಿಸಿತು. 2020ರ ಆಗಸ್ಟಿನಲ್ಲಿ ಪ್ರಧಾನಿಯ ‘ಮನ್ ಕೀ ಬಾತ್’ನಲ್ಲಿ ಹೆಸರು ಬಂದದ್ದೇ ತಡ, ಬೇಡಿಕೆ ಏರಿತು. ಬೇಡಿಕೆ ಏರಿದ ತಳಿಗೆ ಎರಡು ಅಪಾಯ: ಹೆಸರಾದ ಒಂದೆರಡು ಗಂಡಿನಿಂದಲೇ ಎಲ್ಲರೂ ಮರಿ ಹಾಕಿಸುವುದು ಒಂದು; ಎತ್ತರಕ್ಕಾಗಿ ಗುಟ್ಟಾಗಿ ಬೇರೆ ನಾಯಿ ಬೆರೆಸಿ ‘ಅಸಲಿ’ ಎಂದು ಮಾರುವುದು ಇನ್ನೊಂದು.

ಏನು ನೋಡಬೇಕು

ತಾಯಿಯನ್ನು ಅವಳಿರುವ ಜಾಗದಲ್ಲೇ ನೋಡಿ. ಅಪರಿಚಿತರು ಬಂದಾಗ ಮರಿಗಳ ತಾಯಿ ಗುರ್ ಎನ್ನಬಹುದು. ಯಜಮಾನ ಬಂದಾಗಲೂ ಮೂಲೆಗೆ ಸರಿದರೆ ಅದು ಬೇರೆ ಕಥೆ. ಗಂಡು ಬೇರೆ ಊರಿನದಾಗಿದ್ದರೆ ಬೇಸರ ಬೇಡ, ಬೇರೆ ರಕ್ತ ಹುಡುಕಿದ್ದಾರೆಂದು ಸಂತೋಷಪಡಿ. ವಂಶಾವಳಿಯ ಕಾಗದ ತೆರೆದು ಅಜ್ಜ ಅಜ್ಜಿಯರ ಹೆಸರು ಎಣಿಸಿ. ಒಂದೇ ಹೆಸರು ಎರಡೂ ಕಡೆ ಬಂದರೆ ಕೇಳಿ. ಕೆನೆಲ್ ಕ್ಲಬ್ಬಿನ ಕಾಗದ ವಂಶದ ದಾಖಲೆ, ಆರೋಗ್ಯದ ಪ್ರಮಾಣಪತ್ರ ಅಲ್ಲ. ಮೈಕ್ರೋಚಿಪ್ಪಿನ ಹದಿನೈದು ಅಂಕಿ ಕಾಗದಕ್ಕೂ ನಾಯಿಗೂ ತಾಳೆಯಾಗುತ್ತದೆಯೇ ನೋಡಿ. ಲಸಿಕೆಯ ಕಾರ್ಡಿನಲ್ಲಿ ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ, ತಾರೀಖು, ವೈದ್ಯರ ಸಹಿ ಇರಬೇಕು.

ಮರಿಯ ಕಣ್ಣು ಮೂಗು ಸೋರಬಾರದು, ವಸಡು ಬಿಳಿಚಿರಬಾರದು, ಹೊಕ್ಕುಳಲ್ಲಿ ಗಂಟು, ಬಾಲದಡಿ ಭೇದಿಯ ಕಲೆ ಇರಬಾರದು. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ. ಮೈಯಲ್ಲಿ ಬಿಳಿ ಹೆಚ್ಚಿರುವ ಕೆಲವು ತಳಿಗಳಲ್ಲಿ ಕಿವುಡು ಹುಟ್ಟಿನಿಂದಲೇ ಬರುತ್ತದೆ. ಮೂಲೆಯಲ್ಲಿ ಮುದುರಿ ಕೂತದ್ದನ್ನು ‘ಪಾಪ’ ಎಂದು ಎತ್ತಿಕೊಳ್ಳುವ ಮೊದಲು ಒಂದು ಗಳಿಗೆ ನಿಲ್ಲಿ. ಅದು ಸಾಧು ಸ್ವಭಾವವೋ ಜ್ವರವೋ ಹೇಳುವುದು ವೈದ್ಯರ ಕೆಲಸ. ಕರೆತಂದ ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸುತ್ತೇನೆ, ದೋಷ ಕಂಡರೆ ಮರಳಿ ತರುತ್ತೇನೆ ಎಂದು ಹೇಳಿ. ಒಳ್ಳೆಯವರು ಒಪ್ಪುತ್ತಾರೆ, ಮಿಕ್ಕವರಿಗೆ ಅವಸರ.

ದೀಪಾವಳಿಗೆ ಊರಿಗೆ ಹೋಗಿದ್ದ ಗೆಳೆಯ ಫೋನು ಮಾಡಿದ. ಮಗಳನ್ನು ಕರೆದುಕೊಂಡು ಮುಧೋಳ ತಾಲ್ಲೂಕಿನ ಒಂದು ತೋಟದ ಮನೆಗೆ ಹೋಗಿದ್ದನಂತೆ. ನಾಯಿ ಸಾಕುವ ಅಜ್ಜಿ ಕೇಳುವ ಮುಂಚೆಯೇ ತಾಯಿಯನ್ನು ಕರೆದು ನಿಲ್ಲಿಸಿದಳು, ಗಂಡು ಯಾರ ಮನೆಯದೆಂದು ಹೇಳಿದಳು, ಕಾರ್ಡು ತಂದು ಮುಂದಿಟ್ಟಳು. ಆಮೇಲೆ ತಾನೇ ಕೇಳತೊಡಗಿದಳು: “ಎಲ್ಲಿ ಇರ್ತೀರಿ? ಮನಿ ಮುಂದ ಬಯಲೈತೇನು? ಹಗಲ ಹೊತ್ತು ಮನ್ಯಾಗ ಯಾರಿರ್ತಾರ?” ಮೂರನೆಯ ಮಹಡಿಯ ಫ್ಲ್ಯಾಟು, ಹಗಲು ಬೀಗ ಎಂದು ಇವನು ಹೇಳಿದ. ಓಡುವ ಜಾತಿಯನ್ನು ಅಟ್ಟದ ಮೇಲೆ ಕಟ್ಟಿ ಹಾಕಿದರೆ ಅದು ಸೋಫಾ ತಿನ್ನುತ್ತದೆ, ಇಲ್ಲವೆ ತನ್ನ ಕಾಲನ್ನೇ ಕಡಿದುಕೊಳ್ಳುತ್ತದೆ ಎಂದು ಅಜ್ಜಿ ಮರಿ ಕೊಡಲಿಲ್ಲ. ಚಹಾ ಕೊಟ್ಟಳು.

“ಬರಿಗೈಲಿ ಬಂದ್ಯಾ?” ಅಂದೆ.

“ಚೀಲ ಬಿಚ್ಚಿ ನೋಡಿದೆ ದೋಸ್ತ,” ಅಂದ. “ಧಾನ್ಯಾನ ಇತ್ತು. ಇಡಾಕ ನಮ್ಮನ್ಯಾಗ ಕಣಜ ಇಲ್ಲ.”